5040ನ್ನು ಬಿಡಿಸಿ ನೋಡುವ ಬಗೆ

ಒಂದು ಪೂರ್ಣ ಸಂಖ್ಯೆಯ ಗುಣಗಳನ್ನು ಅರಿಯಬೇಕಾದರೆ ಮೊದಲು ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿಕೊಳ್ಳಬೇಕು. ಆಮೇಲಿನ ಲೆಕ್ಕಗಳೆಲ್ಲ ಆ ಒಂದು ಸಾಲಿನಿಂದಲೇ ಹೊರಡುತ್ತವೆ. ಇದನ್ನು ಕಲಿಯಲು 5040ರಷ್ಟು ಫಲವತ್ತಾದ ಸಂಖ್ಯೆಗಳು ಕಡಿಮೆ.

ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆಯಿಂದ ಆರಂಭಿಸಿ, ಶೇಷ ಉಳಿಯದಿರುವಷ್ಟು ಸಲ ಭಾಗಿಸುತ್ತಾ ಹೋಗಬೇಕು. 5040ನ್ನು 2ರಿಂದ ನಾಲ್ಕು ಸಲ ಭಾಗಿಸಿದಾಗ 315, ಅದನ್ನು 3ರಿಂದ ಎರಡು ಸಲ ಭಾಗಿಸಿದಾಗ 35 ದೊರೆಯುತ್ತದೆ. 35 ಎಂಬುದು 5 ಮತ್ತು 7ರ ಗುಣಲಬ್ಧ. ಹೀಗೆ 5040 = 2⁴ × 3² × 5 × 7. ಯಾವ ಕ್ರಮದಲ್ಲಿ ಭಾಗಿಸಿದರೂ ಇದೇ ಅಪವರ್ತನಗಳು ಬರುತ್ತವೆ ಎಂಬುದು ಅಂಕಗಣಿತದ ಮೂಲಭೂತ ಪ್ರಮೇಯ.

ಇನ್ನು ಭಾಜಕಗಳ ಎಣಿಕೆ. 5040ರ ಯಾವುದೇ ಭಾಜಕವನ್ನು ಕಟ್ಟುವಾಗ 2ನ್ನು ಒಮ್ಮೆಯೂ ಬಳಸದೆ ಇರಬಹುದು, ಇಲ್ಲವೇ ಒಂದರಿಂದ ನಾಲ್ಕು ಸಲ ಬಳಸಬಹುದು. ಅಂದರೆ ಐದು ಆಯ್ಕೆಗಳು. ಅದೇ ರೀತಿ 3ಕ್ಕೆ ಮೂರು, 5ಕ್ಕೆ ಎರಡು, 7ಕ್ಕೆ ಎರಡು. ಆದ್ದರಿಂದ ಪ್ರತಿ ಘಾತಾಂಕಕ್ಕೂ ಒಂದನ್ನು ಕೂಡಿಸಿ ಗುಣಿಸಿದರೆ ಸಾಕು: 5 × 3 × 2 × 2 = 60. ಪ್ಲೇಟೋ ತನ್ನ ಆದರ್ಶ ನಗರದ ಕುಟುಂಬಗಳ ಸಂಖ್ಯೆಯನ್ನು 5040 ಎಂದು ನಿಗದಿಪಡಿಸಿದ್ದು, ಜನರನ್ನೂ ಭೂಮಿಯನ್ನೂ ಹಲವು ಬಗೆಯಲ್ಲಿ ಸಮನಾಗಿ ಹಂಚಲು ಈ ಗುಣವೇ ಅನುಕೂಲವೆಂಬ ಕಾರಣಕ್ಕೆ. 1ರಿಂದ 12ರವರೆಗೆ 11 ಒಂದನ್ನು ಬಿಟ್ಟು ಉಳಿದ ಎಲ್ಲವೂ ಇದನ್ನು ನಿಶ್ಶೇಷವಾಗಿ ಭಾಗಿಸುತ್ತವೆ. ಎರಡು ಕಳೆದರೆ 5038 ಆಗಿ, 11 ಕೂಡ ಭಾಗಿಸುತ್ತದೆ.

ಇದಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ 60 ಭಾಜಕಗಳಿಲ್ಲ. ತಮಗಿಂತ ಚಿಕ್ಕದಾದ ಎಲ್ಲ ಸಂಖ್ಯೆಗಳಿಗಿಂತ ಹೆಚ್ಚು ಭಾಜಕಗಳಿರುವ ಇಂತಹ ಸಂಖ್ಯೆಗಳನ್ನು 1915ರ ಪ್ರಬಂಧದಲ್ಲಿ ಆಳವಾಗಿ ಅಧ್ಯಯನ ಮಾಡಿದವರು ಶ್ರೀನಿವಾಸ ರಾಮಾನುಜನ್. ಅವುಗಳಲ್ಲಿ ಅವಿಭಾಜ್ಯಗಳು 2ರಿಂದ ಆರಂಭವಾಗಿ ನಡುವೆ ಒಂದೂ ತಪ್ಪದೆ ಬರಬೇಕು ಮತ್ತು ಘಾತಾಂಕಗಳು ಮುಂದೆ ಹೋದಂತೆ ಏರಬಾರದು; ಇಲ್ಲಿ ಅವು 4, 2, 1, 1. ಆದರೆ ಈ ಲಕ್ಷಣವಿದ್ದ ಮಾತ್ರಕ್ಕೆ ತೀರ್ಮಾನಕ್ಕೆ ಬರುವಂತಿಲ್ಲ: 30 = 2 × 3 × 5 ಎಂಬುದಕ್ಕೆ ಎಂಟು ಭಾಜಕಗಳಿದ್ದರೂ, ಅದಕ್ಕಿಂತ ಚಿಕ್ಕದಾದ 24ಕ್ಕೂ ಎಂಟೇ ಇವೆ.

ಘಾತಾಂಕಗಳೆಲ್ಲ ಸಮಸಂಖ್ಯೆಗಳಾದರೆ ಮಾತ್ರ ಪೂರ್ಣ ವರ್ಗ. 5 ಮತ್ತು 7ರ ಘಾತಾಂಕ 1 ಆಗಿರುವುದರಿಂದ 5040 ಪೂರ್ಣ ವರ್ಗವಲ್ಲ. 35ರಿಂದ ಗುಣಿಸಿದರೆ 420ರ ವರ್ಗವಾಗುತ್ತದೆ. ನಾಲ್ಕರಿಂದ ಭಾಗಿಸಿದಾಗ ಶೇಷ 3 ಉಳಿಸುವ ಅವಿಭಾಜ್ಯವೊಂದರ ಘಾತಾಂಕ ಬೆಸವಾಗಿದ್ದರೆ ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. 7 ಇಲ್ಲಿ ಅದನ್ನೇ ತಡೆಯುತ್ತದೆ. ಆದರೂ ವರ್ಗವೊಂದು ಪಕ್ಕದಲ್ಲೇ ಇದೆ: 70 × 72 = 5040, 71² = 5041.

ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಘಾತಗಳನ್ನು 1ರಿಂದ ಆರಂಭಿಸಿ ಕೂಡಿಸಿ, ಆ ಮೊತ್ತಗಳನ್ನು ಗುಣಿಸಬೇಕು: (1+2+4+8+16) × (1+3+9) × (1+5) × (1+7), ಅಂದರೆ 31 × 13 × 6 × 8 = 19344. ಸಂಖ್ಯೆಯನ್ನೇ ಕಳೆದರೂ ಅದಕ್ಕಿಂತ ದೊಡ್ಡದಾದ 14304 ಉಳಿಯುವುದರಿಂದ 5040 ಸಮೃದ್ಧ ಸಂಖ್ಯೆ. ಈ ಮೊತ್ತದ ಮಹತ್ವ ದೊಡ್ಡದು. 5040ನ್ನು ಮೀರಿದ ಪ್ರತಿಯೊಂದು ಸಂಖ್ಯೆಯ ಭಾಜಕಗಳ ಮೊತ್ತವೂ ಆ ಸಂಖ್ಯೆಗೆ ತಕ್ಕ ಒಂದು ನಿರ್ದಿಷ್ಟ ಮಿತಿಯೊಳಗೆ ಉಳಿಯುತ್ತದೆ ಎಂಬ ಮಾತು, ಅವಿಭಾಜ್ಯಗಳ ಹಂಚಿಕೆಗೆ ಸಂಬಂಧಿಸಿದ, ಇಂದಿಗೂ ಸಾಧಿತವಾಗದ ರೀಮನ್ ಊಹೆಗೆ ಸರಿಸಮ ಎಂದು ಗಣಿತಜ್ಞ ಗೀ ರೊಬಾಂ 1984ರಲ್ಲಿ ತೋರಿಸಿದರು. ಆ ಮಿತಿಯನ್ನು ದಾಟಿದವೆಂದು ಗೊತ್ತಿರುವ ಸಂಖ್ಯೆಗಳಲ್ಲಿ ಅತಿ ದೊಡ್ಡದು 5040.