ಮೈಮೇಲೆ ಗಂಧೆ ಎದ್ದರೆ ಕೊರಿಯನ್ ಭಾಷೆಯಲ್ಲಿ ಹೇಗೆ ಹೇಳುವುದು?

ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ನಮಗೆ ಅದು ಮೊದಲ ಚಳಿಗಾಲ. ಸಂಜೆ ಬೀದಿ ಅಂಗಡಿಯಲ್ಲಿ ಬಿಸಿ ಬಿಸಿ ಸೂಪು ಕುಡಿದು ಮನೆಗೆ ಬಂದ ಒಂದು ಗಂಟೆಯೊಳಗೆ ನನ್ನ ಕೈ, ಹೊಟ್ಟೆ, ಬೆನ್ನು ಎಲ್ಲಾ ಕಡೆ ಕೆಂಪು ದದ್ದು ಎದ್ದವು. ಊರಲ್ಲಾದರೆ ಅಮ್ಮ ನೋಡಿದ ಕೂಡಲೇ 'ಪಿತ್ತದ ಗಂಧೆ' ಅನ್ನುತ್ತಿದ್ದರು. ದೊಡ್ಡಪತ್ರೆ ಸೊಪ್ಪಿನ ರಸ ಹಚ್ಚುತ್ತಿದ್ದರು. ಅಲ್ಲಿ ಅಮ್ಮನೂ ಇಲ್ಲ, ದೊಡ್ಡಪತ್ರೆಯೂ ಇಲ್ಲ. ಔಷಧಿ ಅಂಗಡಿಗೆ ಓಡಿದೆ. ಫೋನಿನ ಅನುವಾದದ ಆ್ಯಪ್‌ನಲ್ಲಿ ಇಂಗ್ಲಿಷಿನ 'ಹೈವ್ಸ್' ಅಂತ ಬರೆದು ತೋರಿಸಿದೆ. ಔಷಧಿ ಕೊಡುವಾಕೆ ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಆ್ಯಪ್ ಕೊಟ್ಟ ಪದ 'ಬೊಲ್‌ಚಿಪ್'. ಅಂದರೆ ಜೇನುಗೂಡು!

ಇಂಗ್ಲಿಷಿನಲ್ಲಿ ಗಂಧೆಗೂ ಜೇನುಗೂಡಿಗೂ ಒಂದೇ ಪದ. ಹಾಗಾಗಿ ಈ ತಪ್ಪು ಯಾರಿಗೂ ಆಗಬಹುದು. ನಾನು ತೋಳು ಮೇಲೆತ್ತಿ ತೋರಿಸಿದಾಗ ಆಕೆಗೆ ತಕ್ಷಣ ಗೊತ್ತಾಯಿತು. 'ಆ, ದುದುರೊಗಿ!' ಅಂದರು. ಆ ಪದವನ್ನು ಆಮೇಲೆ ನಾನು ಮರೆತಿಲ್ಲ. ಕೊರಿಯಾಗೆ ಓದಲು, ಕೆಲಸಕ್ಕೆ, ತಿರುಗಾಡಲು ಹೋಗುವ ಕನ್ನಡಿಗರೆಲ್ಲರೂ ಈ ಪದವನ್ನು ವಿಮಾನ ಹತ್ತುವ ಮೊದಲೇ ಕಲಿಯಬೇಕು ಅನ್ನುವುದು ನನ್ನ ಆಸೆ. ಕಷ್ಟವೇನಿಲ್ಲ. ಕನ್ನಡ ಬಲ್ಲವರಿಗಂತೂ ಇಂಗ್ಲಿಷ್ ಮಾತಾಡುವವರಿಗಿಂತ ಸುಲಭ.

ಮೊದಲು ಬಾಯಲ್ಲಿ ಕೂರಿಸಿಕೊಳ್ಳಿ

ಪದದಲ್ಲಿ ನಾಲ್ಕು ತುಂಡು: ದು-ದು-ರೊ-ಗಿ. ಕನ್ನಡ ಲಿಪಿಯಲ್ಲಿ ಬರೆದಾಗ ಮೊದಲ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದೇ ಅಲ್ಲ.

ಮೊದಲ 'ದು' ನಮ್ಮ 'ದು' ಥರವೇ, ತುಟಿ ದುಂಡಗೆ. ಆದರೆ ಪದದ ಶುರುವಿನಲ್ಲಿ ಬಂದಾಗ ಅದು ಸ್ವಲ್ಪ 'ತು' ಕಡೆಗೆ ವಾಲುತ್ತದೆ. ಕೊರಿಯನ್ನರ ಬಾಯಲ್ಲಿ ನಿಮಗೆ 'ತುದುರೊಗಿ' ಅಂತ ಕೇಳಿಸಿದರೆ ನಿಮ್ಮ ಕಿವಿಯ ತಪ್ಪಲ್ಲ. ಅಲ್ಲಿ ಒಂದೇ ಅಕ್ಷರ ಪದದ ಶುರುವಿನಲ್ಲಿ ಗಡುಸಾಗಿ, ಎರಡು ಸ್ವರಗಳ ಮಧ್ಯೆ ಮೆತ್ತಗಾಗಿ ಕೇಳುತ್ತದೆ.

ಎರಡನೆಯ 'ದು' ಹೇಳುವಾಗ ತುಟಿ ದುಂಡಗೆ ಮಾಡಬಾರದು. ನಗುವಾಗ ಇರುವಂತೆ ತುಟಿಯನ್ನು ಅಗಲಿಸಿ 'ಉ' ಹೇಳಿ ನೋಡಿ. ಆ ಸ್ವರವನ್ನು ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ. ಆದರೆ ತುಳು, ಕೊಡವ ಮಾತಾಡುವವರಿಗೆ ಅದರ ಹತ್ತಿರದ ಸದ್ದು ಹುಟ್ಟಿನಿಂದಲೇ ಗೊತ್ತು. ತುಳುವಿನಲ್ಲಿ 'ಉಂಡು' ಅನ್ನುವಾಗ ಕೊನೆಯಲ್ಲಿ ತುಟಿ ದುಂಡಗಾಗದೆ ಒಂದು 'ಉ' ಬರುತ್ತದೆ, ಅಲ್ವಾ? ಅದೇ. ಮಂಗಳೂರು, ಮಡಿಕೇರಿ ಕಡೆಯ ಗೆಳೆಯರಿದ್ದರೆ ಅವರ ಬಾಯಲ್ಲಿ ಒಮ್ಮೆ ಹೇಳಿಸಿ ಕೇಳಿ.

'ರೊ' ಹೇಳುವಾಗ ಬಾಯಿ ಜಾಸ್ತಿ ತೆರೆಯಿರಿ, 'ರ' ಮತ್ತು 'ರೊ' ನಡುವೆ ನಿಲ್ಲಲಿ. 'ಗಿ' ನಮ್ಮದೇ. ಎಲ್ಲೂ ಒತ್ತು ಕೊಡದೆ ನಾಲ್ಕನ್ನೂ ಸಮಾನವಾಗಿ ಹೇಳಿ. ಹತ್ತು ಸಲ ಹೇಳಿದರೆ ನಾಲಿಗೆ ಹೊಂದಿಕೊಳ್ಳುತ್ತದೆ.

ನೆನಪಿಗೆ ಒಂದು ಕೊಂಡಿ ಕೊಡುತ್ತೇನೆ. ಕೊರಿಯನ್‌ನಲ್ಲಿ 'ದುದುರೊಜಿದಾ' ಅಂತ ಒಂದು ಕ್ರಿಯಾಪದ ಇದೆ. ಅರ್ಥ, ಎದ್ದು ಕಾಣುವುದು. ಎರಡರ ಮೊದಲ ಮೂರು ತುಂಡೂ ಒಂದೇ. ಚರ್ಮದ ಮೇಲೆ ಎದ್ದು ಕಾಣುವುದೇ ದುದುರೊಗಿ ಅಂದುಕೊಂಡರೆ ಪದ ಜಾರಿ ಹೋಗುವುದಿಲ್ಲ.

ಬರೆಯಲೂ ಕಲಿಯಿರಿ, ಹತ್ತು ನಿಮಿಷ ಸಾಕು

ಕೊರಿಯನ್ ಲಿಪಿ ಹಂಗುಲ್. ಸೆಜೋಂಗ್ ರಾಜನ ಕಾಲದಲ್ಲಿ 1443ರಲ್ಲಿ ರೂಪಿಸಿ, 1446ರಲ್ಲಿ ಜನರಿಗೆ ಕೊಟ್ಟದ್ದು. ವ್ಯಂಜನಕ್ಕೆ ಸ್ವರ ಸೇರಿಸಿ ಒಂದು ಗುಂಪು ಮಾಡುವುದು ನಮ್ಮ ಕಾಗುಣಿತ ಬಲ್ಲವರಿಗೆ ಹೊಸದೇನಲ್ಲ.

'ದ' ಅಕ್ಷರ ಬಲಗಡೆ ಬಾಗಿಲು ತೆರೆದ ಪೆಟ್ಟಿಗೆಯಂತೆ. ಮೇಲೊಂದು ಅಡ್ಡಗೆರೆ, ಎಡಕ್ಕೊಂದು ಗೋಡೆ, ಕೆಳಗೊಂದು ಅಡ್ಡಗೆರೆ. ಅದರ ಕೆಳಗೆ ಅಡ್ಡಗೆರೆ ಎಳೆದು, ಅದರ ನಡುವಿನಿಂದ ಒಂದು ಕಡ್ಡಿ ಇಳಿಬಿಟ್ಟರೆ 'ದು'. ಕಡ್ಡಿ ಇಲ್ಲದೆ ಬರೀ ಅಡ್ಡಗೆರೆ ಎಳೆದರೆ ತುಟಿ ಅಗಲಿಸಿ ಹೇಳುವ ಆ ಎರಡನೆಯ 'ದು'. ನೋಡಿ, ಕನ್ನಡದಲ್ಲಿ ಒಂದೇ ಥರ ಕಂಡದ್ದು ಅಲ್ಲಿ ಬೇರೆಯಾಗಿಯೇ ಕಾಣುತ್ತದೆ. 'ರ' ಹಾವು ಮಡಚಿಕೊಂಡಂತೆ. ಅದರ ಬಲಕ್ಕೆ ನೇರ ಗೆರೆ, ಆ ಗೆರೆಗೆ ಎಡಗಡೆ ಒಂದು ಪುಟ್ಟ ಕಡ್ಡಿ ಸೇರಿದರೆ 'ರೊ'. ಕೊನೆಯ 'ಗ' ಮೇಲೊಂದು ಅಡ್ಡಗೆರೆ ಹೋಗಿ ಬಲಕ್ಕೆ ಕೆಳಗಿಳಿಯುತ್ತದೆ. ಪಕ್ಕದಲ್ಲಿ ನೇರ ಗೆರೆ ನಿಲ್ಲಿಸಿದರೆ 'ಗಿ'.

ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಮೈ ತುರಿಸುವಾಗ ಉಚ್ಚಾರ ಯಾರಿಗೆ ನೆನಪಿರುತ್ತದೆ?

ಪದದ ಜೊತೆ ಅದರ ಕ್ರಿಯಾಪದ

ನಾನು ಈ ಲೇಖನ ಬರೆಯುವುದಕ್ಕೆ ಮುಖ್ಯ ಕಾರಣ ಇದು. ಬರೀ 'ದುದುರೊಗಿ' ಕಲಿತರೆ ಅರ್ಧ ಕಲಿತಂತೆ. ಅದು ಏನು ಮಾಡುತ್ತದೆ ಅನ್ನುವುದನ್ನೂ ಕಲಿಯಬೇಕು.

ಇಂಗ್ಲಿಷ್ ಪುಸ್ತಕದಿಂದ ಕಲಿತವರು 'ನನಗೆ ಗಂಧೆ ಇದೆ' ಅನ್ನುವ ರೀತಿ ಹೇಳಲು ಹೋಗುತ್ತಾರೆ. ಅರ್ಥವಾಗುತ್ತದೆ. ಆದರೆ ಕೊರಿಯನ್ನರು ಸಹಜವಾಗಿ ಹೇಳುವುದು 'ನದಾ' ಅನ್ನುವ ಕ್ರಿಯಾಪದದಿಂದ. ಅಂದರೆ ಹೊರಗೆ ಬರುವುದು, ಮೂಡುವುದು, ಏಳುವುದು. ನಾವು ಮನೆಯಲ್ಲಿ ಏನನ್ನುತ್ತೇವೆ? 'ಮೈಮೇಲೆ ಗಂಧೆ ಎದ್ದಿದೆ.' ಅವರೂ ಹಾಗೇ ಅನ್ನುತ್ತಾರೆ:

ದುದುರೊಗಿಗಾ ನಸ್ಸೊಯೋ. (ಗಂಧೆ ಎದ್ದಿದೆ.)

ಇಲ್ಲಿ 'ಗಾ' ಕರ್ತೃವಿಗೆ ಅಂಟುವ ಪ್ರತ್ಯಯ. ಸ್ವರದಲ್ಲಿ ಮುಗಿಯುವ ಪದಕ್ಕೆ 'ಗಾ', ವ್ಯಂಜನದಲ್ಲಿ ಮುಗಿಯುವ ಪದಕ್ಕೆ 'ಇ'. 'ನಸ್ಸೊಯೋ' ಭೂತಕಾಲ. ಕೊನೆಯ 'ಯೋ' ಮರ್ಯಾದೆ. ವೈದ್ಯರ ಹತ್ತಿರ, ಅಂಗಡಿಯಲ್ಲಿ ಈ 'ಯೋ' ಬಿಡಬೇಡಿ. ಗೆಳತಿಯ ಹತ್ತಿರವಾದರೆ 'ದುದುರೊಗಿ ನಸ್ಸೊ' ಅಂದರೆ ಸಾಕು, ನಡುವಿನ 'ಗಾ' ಕೂಡ ಬೇಡ.

'ನದಾ' ಬದಲು 'ಓಲ್ಲಾವಾಸ್ಸೊಯೋ' ಅಂತಲೂ ಕೇಳುತ್ತೀರಿ. ಅದು 'ಮೇಲೆ ಬಂತು' ಅಂದ ಹಾಗೆ. ನಿಮ್ಮ ಕಣ್ಣೆದುರೇ ಒಂದೊಂದಾಗಿ ಏಳುತ್ತಿದ್ದರೆ ಅದು ಚೆನ್ನಾಗಿ ಹೊಂದುತ್ತದೆ.

'ನದಾ' ಗೊತ್ತಾದರೆ ಇನ್ನೂ ಎಷ್ಟೋ ಮಾತು ಕೈಗೆ ಬರುತ್ತವೆ. 'ಯೊರಿ ನಾಯೋ' ಅಂದರೆ ಜ್ವರ ಬರುತ್ತಿದೆ. 'ತ್ತಾಮಿ ನಾಯೋ' ಅಂದರೆ ಬೆವರು ಬರುತ್ತಿದೆ. 'ಪಿಗಾ ನಾಯೋ' ಅಂದರೆ ರಕ್ತ ಬರುತ್ತಿದೆ. ಮೈಯಿಂದ ತಾನಾಗಿ ಹೊರಬರುವ ಎಷ್ಟೋ ಸಂಗತಿಗೆ ಇದೊಂದೇ ಕ್ರಿಯಾಪದ ಆಗುತ್ತದೆ. ಕಣ್ಣೀರಿಗೂ ಇದೇ.

ಎಲ್ಲಿ ಎದ್ದಿದೆ, ಯಾಕೆ ಎದ್ದಿದೆ

ಮೈಯ ಭಾಗಕ್ಕೆ 'ಎ' ಸೇರಿಸಿ ಮುಂದಿಡಿ. ನಮ್ಮ 'ಅಲ್ಲಿ', 'ಮೇಲೆ' ಇದ್ದ ಹಾಗೆ ಅದು ಪದದ ಹಿಂದೆಯೇ ಬರುತ್ತದೆ.

ಓನ್‌ಮೋಮೆ ದುದುರೊಗಿಗಾ ನಸ್ಸೊಯೋ. (ಮೈಯೆಲ್ಲಾ ಗಂಧೆ ಎದ್ದಿದೆ.)

'ಓನ್‌ಮೋಮ್' ಅಂದರೆ ಇಡೀ ಮೈ. ತೋಳಾದರೆ 'ಪಾರೆ'. ಮಗುವಿಗಾಗಿದ್ದರೆ 'ಉರಿ ಆಇ ಮೋಮೆ' ಅನ್ನಿ. 'ಉರಿ' ಅಂದರೆ ನಮ್ಮ, 'ಆಇ' ಅಂದರೆ ಮಗು. 'ನನ್ನ ಮಗು' ಅನ್ನದೆ 'ನಮ್ಮ ಮಗು' ಅನ್ನುವುದು ಅಲ್ಲಿಯೂ ರೂಢಿ. ಮನೆಯೂ ಅವರಿಗೆ 'ನಮ್ಮ ಮನೆ'ಯೇ. ಇದು ತಿಳಿದಾಗ ನನಗೆ ಆ ಭಾಷೆಯ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು.

ಈಗ ಕಾರಣ. ಇಲ್ಲಿ ಕನ್ನಡ ನಿಮ್ಮ ಕೈ ಹಿಡಿದು ನಡೆಸುತ್ತದೆ:

ಸೆಉರುಲ್ ಮೊಕ್ಕೋ ದುದುರೊಗಿಗಾ ನಸ್ಸೊಯೋ.

ಸೆಉರುಲ್, ಸೀಗಡಿಯನ್ನು. ಮೊಕ್ಕೋ, ತಿಂದು. ದುದುರೊಗಿಗಾ, ಗಂಧೆ. ನಸ್ಸೊಯೋ, ಎದ್ದಿದೆ. ಒಂದು ಪದವನ್ನೂ ಆಚೀಚೆ ಮಾಡಬೇಕಾಗಿಲ್ಲ. 'ತಿಂದು' ಅನ್ನುವ ಆ ಅರ್ಧ ನಿಂತ ಕ್ರಿಯಾಪದವೂ ಅಲ್ಲಿದೆ. ಇನ್ನೊಂದು ರೂಪ ನೋಡಿ:

ಸೆಉರುಲ್ ಮೊಗುಮ್ಯೊನ್ ದುದುರೊಗಿಗಾ ನಾಯೋ. (ಸೀಗಡಿ ತಿಂದರೆ ಗಂಧೆ ಏಳುತ್ತೆ.)

'ಮೊಕ್ಕೋ... ನಸ್ಸೊಯೋ' ಈಗ ಆದದ್ದು. 'ಮೊಗುಮ್ಯೊನ್... ನಾಯೋ' ಯಾವಾಗಲೂ ಆಗುವುದು. ವೈದ್ಯರಿಗೆ ಈ ವ್ಯತ್ಯಾಸ ತುಂಬಾ ಮುಖ್ಯ. ಸೀಗಡಿಯ ಜಾಗದಲ್ಲಿ ಬೇರೆ ಪದ ಹಾಕಿಕೊಳ್ಳಿ: ತ್ತಾಂಗ್‌ಕೋಂಗ್ (ಕಡಲೆಕಾಯಿ), ಪೋಕ್ಸುಂಗಾ (ಪೀಚ್ ಹಣ್ಣು), ಮೆಮಿಲ್ (ಬಕ್‌ವೀಟ್ ಅನ್ನುವ ಧಾನ್ಯ). ಮೆಮಿಲ್ ನಮ್ಮ ದಿನದ ಅಡುಗೆಯಲ್ಲಿಲ್ಲ. ಅಲ್ಲಿ ಬೇಸಿಗೆಯ ತಣ್ಣನೆಯ ನೂಡಲ್ಸ್ 'ನೆಂಗ್‌ಮ್ಯೊನ್' ಹೆಚ್ಚಾಗಿ ಅದರಿಂದ. ದಿಂಬಿನೊಳಗೂ ಅದರ ಹೊಟ್ಟು ತುಂಬುತ್ತಾರೆ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡುವುದು ಒಳ್ಳೆಯದು.

ತುರಿಕೆಗೆ ಪದ 'ಗಾರ್ಯೊವೊಯೋ'. ತುರಿಸುತ್ತಿದೆ ಅಂತ.

ತಿನ್ನುವ ಮೊದಲೇ ಕೇಳಿ

ಸೀಗಡಿ ಅಲರ್ಜಿ ಇರುವವರು ಕಿಮ್ಚಿಯ ಬಗ್ಗೆ ಎಚ್ಚರ ವಹಿಸಬೇಕು. ನೋಡಲು ಬರೀ ಎಲೆಕೋಸು, ಮೆಣಸಿನಪುಡಿ. ಆದರೆ ಸಾಮಾನ್ಯವಾಗಿ ಅದಕ್ಕೆ 'ಸೆಉಜೊತ್' ಹಾಕುತ್ತಾರೆ. ಅದು ಉಪ್ಪಿನಲ್ಲಿ ಹುದುಗಿಸಿದ ಪುಟ್ಟ ಸೀಗಡಿ. ಸಸ್ಯಾಹಾರಿಗಳೂ ಇದನ್ನು ತಿಳಿದಿರಬೇಕು. ಹೋಟೆಲಿನಲ್ಲಿ ಹೀಗೆ ಕೇಳಿ:

ಸೆಉ ದುರೊಗಾಯೋ? (ಸೀಗಡಿ ಹಾಕ್ತೀರಾ?)

ಸೆಉ ಅಲ್ಲೆರುಗಿಗಾ ಇಸ್ಸೊಯೋ. (ಸೀಗಡಿ ಅಲರ್ಜಿ ಇದೆ.)

'ಅಲ್ಲೆರುಗಿ' ಜರ್ಮನ್‌ನಿಂದ ಬಂದ ಪದ, ಅದಕ್ಕೇ 'ಗಿ'. ಅಂಗಡಿಯ ಪೊಟ್ಟಣಗಳ ಹಿಂದೆ ಅಲರ್ಜಿ ತರುವ ಪದಾರ್ಥಗಳನ್ನು ಬೇರೆಯಾಗಿ ಬರೆದು, ಕೊನೆಯಲ್ಲಿ 'ಹಾಮ್ಯು' ಅಂತ ಹಾಕಿರುತ್ತಾರೆ. 'ಇದರಲ್ಲಿ ಇದೆ' ಅಂತ ಅರ್ಥ. ಶಾಲೆಯ ಊಟದ ಪಟ್ಟಿಯಲ್ಲಿ ಪ್ರತಿ ತಿಂಡಿಯ ಮುಂದೆ ಅಂಕಿಗಳಿರುತ್ತವೆ. ಅದರಲ್ಲಿ 3 ಬಕ್‌ವೀಟ್, 4 ಕಡಲೆಕಾಯಿ, 9 ಸೀಗಡಿ. ಮಕ್ಕಳನ್ನು ಅಲ್ಲಿ ಶಾಲೆಗೆ ಸೇರಿಸುವ ಅಪ್ಪ ಅಮ್ಮ ಈ ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಔಷಧಿ ಅಂಗಡಿ, ಆಸ್ಪತ್ರೆ

ಔಷಧಿ ಅಂಗಡಿ 'ಯಾಕ್ಕುಕ್'. ಚರ್ಮದ ವೈದ್ಯರ ಕ್ಲಿನಿಕ್ 'ಪಿಬುಕ್ಕ್ವಾ'. ವೈದ್ಯರ ಚೀಟಿ ಇಲ್ಲದೆಯೂ ಕೆಲವು ಅಲರ್ಜಿ ಮಾತ್ರೆ ಸಿಗುತ್ತವೆ. ನಿದ್ದೆ ಬರುವ ಮಾತ್ರೆಯೋ ಅಂತ ಕೇಳಿಕೊಳ್ಳಿ: 'ಇ ಯಾಂಗ್ ಮೊಗುಮ್ಯೊನ್ ಜೋಲ್ಲ್ಯೊಯೋ?'

ವೈದ್ಯರು ಕೇಳುವ ಎರಡು ಪ್ರಶ್ನೆ ಕಿವಿಗೆ ಪರಿಚಯವಿರಲಿ. 'ಒನ್‌ಜೆಬುತೊ ಗುರೆಸ್ಸೊಯೋ?' ಅಂದರೆ ಯಾವಾಗಿನಿಂದ ಹೀಗಿದೆ. ಉತ್ತರಕ್ಕೆ 'ಒಜೆಬುತೊ' ಅನ್ನಬಹುದು, ನಿನ್ನೆಯಿಂದ. 'ಬುತೊ' ನಮ್ಮ 'ಇಂದ'. ಇನ್ನೊಂದು 'ಮ್ವೊ ದುಷ್ಯೊಸ್ಸೊಯೋ?' ಅಂದರೆ ಏನು ತಿಂದಿರಿ, ಮರ್ಯಾದೆಯ ರೂಪದಲ್ಲಿ.

ಒಂದು ಮಾತು ತಪ್ಪದೆ ಪಾಲಿಸಿ. ಗಂಧೆಯ ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಮಾಯವಾಗಿ ಬೇರೆ ಕಡೆ ಏಳುತ್ತದೆ. ವೈದ್ಯರ ಸರದಿ ಬರುವಷ್ಟರಲ್ಲಿ ಮೈ ಸ್ವಚ್ಛವಾಗಿರಬಹುದು. ಎದ್ದ ಕೂಡಲೇ ಫೋಟೊ ತೆಗೆದಿಡಿ. ಆರು ವಾರಕ್ಕಿಂತ ಹೆಚ್ಚು ಕಾಲ ಹೀಗೇ ಬಂದು ಹೋಗುತ್ತಿದ್ದರೆ ಅದನ್ನು 'ಮಾನ್‌ಸೊಂಗ್ ದುದುರೊಗಿ' ಅನ್ನುತ್ತಾರೆ, ದೀರ್ಘಕಾಲದ ಗಂಧೆ. ಹಳೆಯ ವೈದ್ಯಕೀಯ ಪದ 'ತಾಮ್ಮಾಜಿನ್' ಎಲ್ಲಾದರೂ ಕಂಡರೆ ಅದೂ ಇದೇ. ಅದರಲ್ಲಿರುವುದು ತುರಿಕೆ ಗಿಡದ ಹೆಸರು. ಲ್ಯಾಟಿನ್ ಮೂಲದ 'ಅರ್ಟಿಕೇರಿಯಾ'ದಲ್ಲೂ ಅದೇ ಜಾತಿಯ ಗಿಡವಿದೆ. ನಮ್ಮ ಮಲೆನಾಡಿನ ಮಕ್ಕಳಿಗೆ ಆ ಹೋಲಿಕೆ ವಿವರಿಸಬೇಕಿಲ್ಲ.

ಊರಲ್ಲಿ ಗಂಧೆಗೆ ಕಂಬಳಿಯಿಂದ ಉಜ್ಜುವ ರೂಢಿ ಇದೆ. ದಯವಿಟ್ಟು ಬೇಡ. ಉಜ್ಜಿದರೆ, ಕೆರೆದರೆ ದದ್ದು ಜಾಸ್ತಿಯಾಗಬಹುದು.

ತುಟಿ ಅಥವಾ ಗಂಟಲು ಬಾತರೆ, ಉಸಿರು ಕಟ್ಟಿದರೆ ಔಷಧಿ ಅಂಗಡಿ ಹುಡುಕಬೇಡಿ. ತಕ್ಷಣ 119ಕ್ಕೆ ಫೋನ್ ಮಾಡಿ. 'ಇಪ್ಸುರಿ ಬುವೊಸ್ಸೊಯೋ' ಅಂದರೆ ತುಟಿ ಬಾತಿದೆ. 'ಸುಮಿ ಛಾಯೋ' ಅಂದರೆ ಉಸಿರಾಡಲು ಕಷ್ಟವಾಗುತ್ತಿದೆ. ಉಳಿದೆಲ್ಲ ಮರೆತರೂ ಈ ಎರಡು ವಾಕ್ಯ ನೆನಪಿರಲಿ.

ಗೊಂದಲ ಮಾಡಿಕೊಳ್ಳಬೇಡಿ

ಎಲ್ಲ ದದ್ದೂ ದುದುರೊಗಿ ಅಲ್ಲ. ಬೆವರುಸಾಲೆ 'ತ್ತಾಮ್‌ತ್ತಿ'. 'ತ್ತಾಮ್' ಅಂದರೆ ಬೆವರು, ನಮ್ಮಂತೆಯೇ. ನೀರು ತುಂಬಿದ ಗುಳ್ಳೆ 'ಮುಲ್‌ಚಿಪ್'. ನೀರಿನ ಮನೆ ಅಂತ ಅದರ ಅಕ್ಷರಾರ್ಥ, ಎಷ್ಟು ಚೆಂದ! ಯಾವುದು ಅಂತ ತಿಳಿಯದಿದ್ದರೆ 'ಬಾಲ್‌ಚಿನ್' ಅನ್ನಿ. ಅದು ಎಲ್ಲ ಬಗೆಯ ದದ್ದಿಗೂ ಸಲ್ಲುವ ಪದ.

ಯಾರಾದರೂ 'ಗಣಿತದ ಹೆಸರೆತ್ತಿದರೆ ಸಾಕು, ದುದುರೊಗಿ ನಾಯೋ' ಅಂದರೆ ಔಷಧಿ ಕೊಡಲು ಹೋಗಬೇಡಿ. ಅದನ್ನು ಕಂಡರಾಗದು ಅಂತ ಅರ್ಥ. ನಾವು 'ಅವನ ಹೆಸರು ಕೇಳಿದ್ರೆ ಮೈ ಉರಿಯುತ್ತೆ' ಅನ್ನುವುದಿಲ್ಲವೇ, ಹಾಗೆ.

ಕೊನೆಗೆ, ಗಂಧೆ ಇಳಿದ ಮೇಲೆ ಹೇಳುವ ಮಾತು: 'ದುದುರೊಗಿಗಾ ಗಾರಾಆಂಜಾಸ್ಸೊಯೋ.' ಎದ್ದದ್ದು ತಳಕ್ಕೆ ಕೂತಿತು ಅಂದ ಹಾಗೆ. ಮಾತ್ರೆ ತಗೊಂಡ ಮರುದಿನ ನಾನು ಅದೇ ಯಾಕ್ಕುಕ್‌ಗೆ ಹೋಗಿ, ಚೀಟಿ ನೋಡಿಕೊಂಡು, ಈ ವಾಕ್ಯವನ್ನು ನಿಧಾನವಾಗಿ ಓದಿದೆ. ಆಕೆ ಕೌಂಟರಿನ ಆಚೆಯಿಂದ ನನ್ನ ತೋಳು ಹಿಡಿದು, ತಿರುಗಿಸಿ ನೋಡಿ, ತಲೆಯಾಡಿಸಿದರು.