ಕುರ್ಚಿ ಹಳೆಯದೇ, ಹಾಲ್ ಹೊಸದು: ಅನುದಾನದ ಹಣ ನಾವು ಖರ್ಚು ಮಾಡಿದ ಬಗೆ

ನಮ್ಮ ನಾಟಕದ ಹಾಲ್‌ಗೆ ಅನುದಾನ ಬಂದರೆ ಮೊದಲು ಕುರ್ಚಿ ಬದಲಾಯಿಸಿ ಎಂದು ಎಲ್ಲರೂ ಹೇಳಿದರು. ಆಮೇಲೆ ದೊಡ್ಡ ಸ್ಪೀಕರ್. ಆಮೇಲೆ ಮುಂಬಾಗಿಲಿಗೆ ಗಾಜು. ನಾವು ಈ ಮೂರರಲ್ಲಿ ಒಂದನ್ನೂ ಮಾಡಲಿಲ್ಲ. ಗೋಡೆ, ವೈರಿಂಗ್, ದೀಪ, ರ‍್ಯಾಂಪ್, ಇಷ್ಟಕ್ಕೇ ಹಣ ಹಾಕಿದೆವು. "ಕಣ್ಣಿಗೆ ಕಾಣೋ ಕೆಲಸ ಏನೂ ಇಲ್ಲ, ಕೊಟ್ಟವರಿಗೆ ಏನು ತೋರಿಸ್ತೀರಿ?" ಎಂದು ಸಮಿತಿಯಲ್ಲೇ ನಕ್ಕವರಿದ್ದರು. ಈಗ ಅವರೇ ಹೊಸಬರು ಬಂದಾಗ ಹಾಲ್ ಮಧ್ಯೆ ನಿಂತು ಚಪ್ಪಾಳೆ ತಟ್ಟಿ, ಸದ್ದು ಎಷ್ಟು ಬೇಗ ಸಾಯುತ್ತದೆ ಎಂದು ತೋರಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಇನ್ನೂರು ಜನ ಕೂರುವ ಹಾಲ್. ಉದ್ದ 18 ಮೀಟರ್, ಅಗಲ 11, ಎತ್ತರ 6ರ ಆಸುಪಾಸು. ಗಾರೆ ಗೋಡೆ, ಕಲ್ಲಿನ ನೆಲ, ಕಾಂಕ್ರೀಟ್ ತಾರಸಿ. ಖಾಲಿ ಹಾಲ್‌ನಲ್ಲಿ ಬಲೂನ್ ಒಡೆದರೆ ಸದ್ದು ಸಾಯೋಕೆ ಎರಡೂವರೆ ಸೆಕೆಂಡ್‌ಗೂ ಜಾಸ್ತಿ ಹಿಡಿಯುತ್ತಿತ್ತು. ನಾಟಕಕ್ಕೆ ಒಂದು ಸೆಕೆಂಡ್ ಅಕ್ಕಪಕ್ಕ ಇದ್ದರೆ ಚೆನ್ನ. "ಹೌಸ್‌ಫುಲ್ ಆದಾಗ ಸರಿ ಇರುತ್ತಲ್ಲ" ಎನ್ನುವುದು ಹಳಬರ ವಾದ. ನಿಜ, ತುಂಬಿದ ಹಾಲ್‌ನಲ್ಲಿ ಜನರೇ ಸದ್ದು ಹೀರುತ್ತಾರೆ. ಆದರೆ ವರ್ಷಕ್ಕೆ ಎಷ್ಟು ಸಲ ತುಂಬುತ್ತದೆ? ನಲವತ್ತು ಐವತ್ತು ಜನ ಬರುವ ದಿನಗಳೇ ಜಾಸ್ತಿ. ಮಾತು ಕಲಸಿಹೋಗೋದು ಆವತ್ತೇ.

ಮೊದಲ ಅರ್ಜಿ ಬಿದ್ದುಹೋಯಿತು. ದುಡ್ಡು ತೆಗೆದುಕೊಂಡು ಬರೆದುಕೊಟ್ಟ ಸಲಹೆಗಾರರೊಬ್ಬರು 'ಸಾಂಸ್ಕೃತಿಕ ವಾತಾವರಣದ ಉನ್ನತೀಕರಣ' ಅಂತೆಲ್ಲ ಪುಟಗಟ್ಟಲೆ ತುಂಬಿಸಿದ್ದರು. ಏನು ಕೆಟ್ಟಿದೆ, ಸರಿ ಮಾಡಿದರೆ ಏನಾಗುತ್ತದೆ ಎನ್ನುವುದು ಮಾತ್ರ ಎಲ್ಲೂ ಇರಲಿಲ್ಲ. ಎರಡನೇ ಸಲ ನಾವೇ ಬರೆದೆವು. ಅದಕ್ಕೂ ಮೊದಲು ಬುಕಿಂಗ್ ಪುಸ್ತಕದಲ್ಲಿ ಒಂದು ಕಾಲಂ ಜಾಸ್ತಿ ಮಾಡಿದ್ದೆ: 'ನೋಡಿ ಬೇಡ ಅಂದವರು, ಯಾಕೆ'. ವರ್ಷದಲ್ಲಿ ನಲವತ್ತರ ಹತ್ತಿರ ಹೆಸರು ಬಂತು. ಅರ್ಧಕ್ಕಿಂತ ಜಾಸ್ತಿ ಜನ ಹೇಳಿದ್ದು ಒಂದೇ, ಮಾತು ಕೇಳಿಸಲ್ಲ. ತಪ್ಪಿಹೋದ ಆ ಬಾಡಿಗೆಯ ಲೆಕ್ಕವೇ ಅರ್ಜಿಯ ಮೊದಲ ಪುಟ. ಹಾಲ್‌ನ ಇತಿಹಾಸ ಕೊನೆಗೆ ಅರ್ಧ ಪುಟದಲ್ಲಿ ಮುಗಿಯಿತು.

ಪರಿಶೀಲನೆಗೆ ಬಂದವರಿಗೆ ಮಾತಿನಲ್ಲಿ ಏನೂ ವಿವರಿಸಲಿಲ್ಲ. ಹಾರ್ವರ್ಡ್‌ನಲ್ಲಿ 1895ರಲ್ಲಿ ಸಬೀನ್ ಎನ್ನುವ ಪ್ರಾಧ್ಯಾಪಕರಿಗೆ ಇಂಥದ್ದೇ ಒಂದು ಉಪನ್ಯಾಸ ಕೊಠಡಿ ಸರಿ ಮಾಡುವ ಕೆಲಸ ಬಿದ್ದಿತ್ತು. ಅವರು ಪಕ್ಕದ ಸ್ಯಾಂಡರ್ಸ್ ಥಿಯೇಟರ್‌ನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಸದ್ದು ಎಷ್ಟು ಬೇಗ ಸಾಯುತ್ತದೆ ಎಂದು ಅಳೆದರು. ಅದನ್ನೇ ಕದ್ದೆ. ಕಲಾವಿದರ ಮನೆಗಳಿಂದ ಹಾಸಿಗೆ ತರಿಸಿ, ಮೊದಲು ಹೊರಗಿಟ್ಟೆವು. ಬಂದವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಒಬ್ಬ ಹುಡುಗಿಯಿಂದ ಸಂಭಾಷಣೆ ಓದಿಸಿದೆವು. ಆಮೇಲೆ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ಅದನ್ನೇ ಇನ್ನೊಮ್ಮೆ ಓದಿಸಿದೆವು. ಬಂದವರಲ್ಲಿ ಒಬ್ಬರು ತಿರುಗಿ ಗೋಡೆ ನೋಡಿದರು. ಅಲ್ಲಿಗೆ ಅರ್ಧ ಕೆಲಸ ಆಯಿತು ಅಂದುಕೊಂಡೆ.

ಹಣದ ವಿಷಯ. ನೆನಪಿನಿಂದ ಹೇಳುತ್ತಿದ್ದೇನೆ, ಒಂದೆರಡು ಪಾಲು ಆಚೀಚೆ ಇರಬಹುದು. ನೂರರಲ್ಲಿ ಸುಮಾರು 35 ಗೋಡೆಗೆ, 30 ವೈರಿಂಗ್‌ಗೆ, 20 ದೀಪಕ್ಕೆ, 10 ರ‍್ಯಾಂಪ್‌ಗೆ, ಉಳಿದದ್ದು ಅನಿರೀಕ್ಷಿತಕ್ಕೆ. ಆ ಐದು ಯಾವ ಮೂಲೆಗೂ ಸಾಲಲಿಲ್ಲ. ಮಂಜೂರಾಗುವಷ್ಟರಲ್ಲಿ ಕೊಟೇಶನ್‌ಗಳ ಅವಧಿ ಮುಗಿದಿತ್ತು, ವೈರಿಂಗ್ ದರ ಐದನೇ ಒಂದು ಭಾಗ ಏರಿತ್ತು. ಈಗ ಕೊಟೇಶನ್ ಕೇಳುವಾಗಲೇ ಆರು ತಿಂಗಳ ಅವಧಿ ಬರೆಸಿಕೊಳ್ಳುತ್ತೇನೆ. ಅರ್ಜಿಯಲ್ಲಿ ಬ್ರ್ಯಾಂಡ್ ಹೆಸರು ಹಾಕುವುದಿಲ್ಲ, ಗುಣಮಟ್ಟ ಮಾತ್ರ. ಬ್ರ್ಯಾಂಡ್ ಬರೆದು, ಆ ಮಾಡೆಲ್ ಮಾರುಕಟ್ಟೆಯಲ್ಲಿ ನಿಂತುಹೋದರೆ ಪ್ರತಿ ಬದಲಾವಣೆಗೂ ಪತ್ರ ಬರೆಯುತ್ತಾ ಕೂರಬೇಕು.

ಇನ್ನೊಂದು ಪೇಚು ಕೊನೆಯ ಕಂತು. ಕೆಲಸ ಪೂರ್ತಿ ಮುಗಿದು, ಹಣ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲಷ್ಟೇ ಅನುದಾನದ ಕೊನೆಯ ಐದನೇ ಒಂದು ಭಾಗ ಬರೋದು. ಅಲ್ಲಿವರೆಗೆ ನಾವೇ ಹಾಕಬೇಕು. ಸಾಲ ಮಾಡೋಣ ಎಂದರು ಕೆಲವರು, ನಾನು ಒಪ್ಪಲಿಲ್ಲ. ಮುಂದಿನ ವರ್ಷದ ದಿನಾಂಕಗಳನ್ನು ನಾಟಕ ತಂಡಗಳಿಗೆ ರಿಯಾಯಿತಿಯಲ್ಲಿ ಮುಂಗಡ ಬುಕ್ ಮಾಡಿಸಿದೆವು. ಆ ಹಣದಲ್ಲೇ ದಾಟಿದೆವು. ಗುತ್ತಿಗೆದಾರರ ಹಣದಲ್ಲೂ ಹತ್ತನೇ ಒಂದು ಭಾಗ ಹಿಡಿದಿಟ್ಟಿದ್ದೆವು. ಅದು ಕೈಯಲ್ಲಿ ಇದ್ದುದರಿಂದಲೇ ಕರೆದಾಗ ಬಂದರು.

ಗೋಡೆಗೆ ಹಿಂದಿನವರು ಮೊಟ್ಟೆ ಟ್ರೇ ಅಂಟಿಸಿದ್ದರು, ಅದರ ಮೇಲೆ ಕಾರ್ಪೆಟ್. ಮೊಟ್ಟೆ ಟ್ರೇ ಸುಮ್ನೆ ಬೆಂಕಿಗೆ ಆಹ್ವಾನ. ಕಾರ್ಪೆಟ್ ಬರೀ ಚೂಪು ಸದ್ದನ್ನು ನುಂಗುತ್ತದೆ, ಗುಂಯ್ ಅನ್ನೋದು ಹಾಗೇ ಉಳಿಯುತ್ತದೆ. 'ಸ', 'ಶ' ಸತ್ತು ಮಾತು ಇನ್ನೂ ಮಂಕಾಗಿತ್ತು. ಎಲ್ಲ ಕಿತ್ತು, 50 ಮಿಲಿಮೀಟರ್ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಹಾಳೆಗಳನ್ನು ಮರದ ಚೌಕಟ್ಟಿಗೆ ಕೂರಿಸಿ, ಗೋಡೆಯಿಂದ ಇನ್ನೊಂದು 50 ಮಿಲಿಮೀಟರ್ ಬಿಟ್ಟು ನಿಲ್ಲಿಸಿದೆವು. ಹಿಂದೆ ಬಿಟ್ಟ ಆ ಖಾಲಿ ಜಾಗಕ್ಕೆ ಖರ್ಚಿಲ್ಲ, ಗುಂಯ್ ಕಡಿಮೆ ಮಾಡೋದು ಅದೇ. ಒಟ್ಟು ಎಂಬತ್ತು ಚದರ ಮೀಟರ್ ಚಿಲ್ಲರೆ. ಚೌಕಟ್ಟುಗಳನ್ನು ನಮ್ಮ ರಂಗಸಜ್ಜಿಕೆಯ ಹುಡುಗರೇ ಕಟ್ಟಿದರು, ಆ ದುಡಿಮೆಯನ್ನೇ ನಮ್ಮ ಪಾಲಿನ ವಂತಿಗೆಯಾಗಿ ತೋರಿಸಿದೆವು. ಹಾಜರಿ ಪುಸ್ತಕ ಇಟ್ಟಿದ್ದರಿಂದ ಲೆಕ್ಕ ತಪಾಸಣೆಯಲ್ಲಿ ಒಪ್ಪಿಕೊಂಡರು.

ಈ ಪ್ಯಾನೆಲ್‌ಗಳಿಗೆ ಹೊದಿಸುವ ಬಟ್ಟೆಯಲ್ಲಿ ಒಂದು ಸುತ್ತು ಕೆಟ್ಟಿತು. ಮಾದರಿ ತೋರಿಸಿದ್ದು ಒಂದು, ಬಂದ ರೋಲ್ ಇನ್ನೊಂದು. ನೋಡೋಕೆ ಒಂದೇ ಥರ, ಹಿಂದೆ ತೆಳ್ಳಗೆ ಪ್ಲಾಸ್ಟಿಕ್ ಲೇಪನ. ಬಟ್ಟೆಯನ್ನು ತುಟಿಗೆ ಒತ್ತಿ ಊದಿ ನೋಡಿ. ಉಸಿರು ಆಚೆ ಕಡೆ ಅಂಗೈಗೆ ತಾಗಬೇಕು. ತಾಗದಿದ್ದರೆ ಒಳಗಿರುವ ರಾಕ್‌ವೂಲ್ ಎಷ್ಟೇ ಒಳ್ಳೆಯದಾದರೂ ದಂಡ. ಇಡೀ ರೋಲ್ ವಾಪಸ್ ಕಳಿಸಿದೆವು, ಮುಂಗಡ ಬಹಳ ದಿನ ಅಲ್ಲೇ ಸಿಕ್ಕಿಕೊಂಡಿತ್ತು. ಬೆಂಕಿ ತಡೆಯುವ ದ್ರಾವಣವನ್ನೂ ಮೊದಲು ತುಂಡು ಬಟ್ಟೆಗೆ ಹೊಡೆದು ನೋಡಿ, ಕೆಲವು ಬಣ್ಣ ಕಲೆ ಬೀಳುತ್ತವೆ. ಹಿಂದಿನ ಗೋಡೆಯ ಪ್ಯಾನೆಲ್‌ಗಳನ್ನು ನಾವು ಸ್ವಲ್ಪ ವಾಲಿಸಿದ್ದೇವೆ. ಎಷ್ಟು, ಯಾವ ಕಡೆಗೆ ಎಂದು ಇಲ್ಲಿ ಹೇಳಲ್ಲ. ಅದಕ್ಕೆ ತುಂಬಾ ತಲೆ ಕೆಡಿಸಿಕೊಂಡಿದ್ದೇನೆ.

ಈಗ ಖಾಲಿ ಹಾಲ್‌ನಲ್ಲಿ 1.3 ಸೆಕೆಂಡ್ ಹತ್ತಿರ, ತುಂಬಿದಾಗ ಒಂದಕ್ಕಿಂತ ಕಡಿಮೆ. ಅಳತೆ ಫೋನ್‌ನಲ್ಲೇ. ಸದ್ದು ಸತ್ತಿತು ಅನ್ನೋಕೆ ಅದು 60 ಡೆಸಿಬೆಲ್ ಇಳಿಯಬೇಕು. ಪೂರ್ತಿ 60 ಇಳಿಯೋದನ್ನ ಫೋನ್ ಹಿಡಿಯಲ್ಲ, 20 ಇಳಿಯುವ ಹೊತ್ತು ನೋಡಿ ಮೂರರಿಂದ ಗುಣಿಸಿ, ಸಾಕು. ಸಂಗೀತದವರಿಗೆ ಇದು ಸ್ವಲ್ಪ ಒಣ ಅನ್ನಿಸಿತು. ಪಕ್ಕದ ಗೋಡೆಯ ಒಂದಷ್ಟು ಪ್ಯಾನೆಲ್ ಕೊಕ್ಕೆಯಲ್ಲಿ ನೇತುಹಾಕಿದವು, ಸಂಗೀತ ಕಛೇರಿ ದಿನ ಇಳಿಸಿಬಿಡುತ್ತೇವೆ.

ನಡುವೆ ಒಂದು ಹುಚ್ಚು. ಹಳೇ ಕಾಲದ ರಂಗಮಂದಿರಗಳಲ್ಲಿ ಸೀಟುಗಳ ಕೆಳಗೆ ಕಂಚಿನ ಪಾತ್ರೆ ಇಡುವ ಬಗ್ಗೆ ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದಿದ್ದಾನಲ್ಲ, ಅದನ್ನು ಓದಿ ನಾನೂ ಒಂದಷ್ಟು ಮಡಕೆ ತಂದು ಮೂಲೆಯಲ್ಲಿ ಜೋಡಿಸಿದೆ. ಒಂದೇ ಒಂದು ಸ್ವರಕ್ಕೆ ಸ್ಪಂದಿಸುತ್ತಿದ್ದವು, ಉಳಿದದ್ದಕ್ಕೆ ಜಪ್ಪಯ್ಯ ಅನ್ನಲಿಲ್ಲ. ಆದರೆ ಉಳಿದ ರಾಕ್‌ವೂಲ್ ಅನ್ನು ವೇದಿಕೆ ಹಲಗೆಯ ಕೆಳಗೆ ತುರುಕಿದ್ದು ಫಲ ಕೊಟ್ಟಿತು. ನೃತ್ಯದವರು ಕಾಲು ತಟ್ಟಿದಾಗ ಬರುತ್ತಿದ್ದ ಡಬ್ಬದ ಸದ್ದು ಹೋಯಿತು.

ದೀಪದಲ್ಲಿ 1000 ವಾಟ್‌ನ 24 ಪಾರ್ ಕ್ಯಾನ್ (ಡಬ್ಬದ ಆಕಾರದ ಹಳೇ ರಂಗದೀಪ) ತೆಗೆದು 200 ವಾಟ್ ಎಲ್‌ಇಡಿ ಹಾಕಿದೆವು. 24 ಕಿಲೋವಾಟ್ ಹೊರೆ ಐದಕ್ಕೆ ಇಳಿಯಿತು, ಹಾಗಾಗಿ ದೊಡ್ಡ ಕನೆಕ್ಷನ್‌ಗೆ ಅಂತ ಇಟ್ಟ ಹಣ ಉಳಿಯಿತು. ಕೊಳ್ಳುವ ಮುಂಚೆ ಕತ್ತಲಲ್ಲಿ ಬೆಳಕನ್ನು ಸೊನ್ನೆಯವರೆಗೆ ನಿಧಾನವಾಗಿ ಇಳಿಸಿ ನೋಡಿ. ಅಗ್ಗದ ದೀಪ ಕೊನೆಯಲ್ಲಿ ಮೆಟ್ಟಿಲು ಇಳಿದ ಹಾಗೆ ಜಿಗಿದು ಟಕ್ಕಂತ ಆರುತ್ತದೆ. ಕೊನೇ ದೃಶ್ಯ ಅಲ್ಲಿಗೆ ಹಾಳು. ಕೈ ಚರ್ಮದ ಬಣ್ಣ ಸತ್ತಂತೆ ಕಂಡರೂ ಬೇಡ. ನಮಗೆ ಎರಡು ಅಂಗಡಿಯವು ಇಲ್ಲೇ ಫೇಲ್ ಆದವು. ಡಿಎಂಎಕ್ಸ್‌ಗೆ (ದೀಪಗಳನ್ನು ನಿಯಂತ್ರಿಸುವ ಸಿಗ್ನಲ್‌ಗೆ) ಮೈಕ್ ಕೇಬಲ್ ಹಾಕಬೇಡಿ, ದೀಪಗಳ ಸಾಲಿನ ಕೊನೆಗೆ ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ 120 ಓಮ್ ಟರ್ಮಿನೇಟರ್ ಮರೆಯಬೇಡಿ. ಸ್ಪೀಕರ್ ಹಳೆಯದೇ ಉಳಿಯಿತು. ಆಡಿಯೋಗೆ ಬೇರೆ ಲೈನ್ ಎಳೆದ ಮೇಲೆ ಅದರ ಗುಯ್‌ಗುಟ್ಟುವಿಕೆ ನಿಂತು, "ಹೊಸ ಸ್ಪೀಕರ್ ಯಾವ ಕಂಪನಿದು?" ಎಂದು ಕೇಳಿದವರೂ ಇದ್ದಾರೆ.

ರ‍್ಯಾಂಪ್ ಹಾಕಿದ್ದು ಅನುದಾನದ ಷರತ್ತಿಗೆ. ವೇದಿಕೆ 90 ಸೆಂಟಿಮೀಟರ್ ಎತ್ತರ, ಹನ್ನೆರಡಕ್ಕೊಂದು ಇಳಿಜಾರು ಅಂದರೆ ಹನ್ನೊಂದು ಮೀಟರ್ ಹತ್ತಿರ, ನಡುವೆ ನಿಲ್ಲೋ ಜಾಗ ಬೇರೆ. ಒಳಗೆ ಜಾಗವಿಲ್ಲ. ಹೊರಗೋಡೆಗುಂಟ ತಂದು ಗ್ರೀನ್‌ರೂಮ್ ಬಾಗಿಲಿಗೆ ಸೇರಿಸಿದೆವು. ಗಾಲಿಕುರ್ಚಿಯ ಕಲಾವಿದರೊಬ್ಬರು ಈಗ ಯಾರ ಕೈ ಹಿಡಿಯದೆ ವೇದಿಕೆಗೆ ಬರುತ್ತಾರೆ. ಆರು ಜನ ಎತ್ತುತ್ತಿದ್ದ ಸೆಟ್ಟನ್ನು ಇಬ್ಬರು ತಳ್ಳಿಕೊಂಡು ಬರುತ್ತಾರೆ, ಸೆಟ್ ಹಾಕುವ ಹೊತ್ತು ಅರ್ಧಕ್ಕೆ ಇಳಿದಿದೆ. ಒಂದೇ ದಿನಕ್ಕೆ ಎರಡು ತಂಡಕ್ಕೆ ಹಾಲ್ ಕೊಡೋದು ಈಗ ಸಾಧ್ಯ. ಆ ಎರಡನೇ ಬಾಡಿಗೆಯನ್ನು ಮುಟ್ಟದೆ ರಿಪೇರಿಗೆ ಅಂತ ಬೇರೆ ಖಾತೆಗೆ ಹಾಕುತ್ತಿದ್ದೇವೆ. ವಸ್ತು ಕೊಳ್ಳಲು ಅನುದಾನ ಸಿಗುತ್ತದೆ, ಅದು ಕೆಟ್ಟಾಗ ಸರಿ ಮಾಡಿಸಲು ನಮಗಂತೂ ಯಾರೂ ಕೊಟ್ಟಿಲ್ಲ.