ಪ್ಲೇ ಸ್ಟೋರಿನ ಹೊರಗಿನ ಆ್ಯಪ್: ನಾನು ಹಾಕಿಕೊಂಡ ಬಗೆ

ನಾಪೋಕ್ಲು ದಾಟಿ ಭಾಗಮಂಡಲದ ಕಡೆ ಹೊರಟರೆ ಸಿಗ್ನಲ್ ಸಿಕ್ಕರೆ ಸಿಕ್ಕಿತು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ತೋಟಗಳ ನಡುವಿನ ದಾರಿ ನೋಡಲು ನೆಟ್ ಬೇಡದ ನಕ್ಷೆ ಬೇಕಿತ್ತು. ಓಸ್ಮ್‌ಆ್ಯಂಡ್ ಆ್ಯಪನ್ನು ಎಫ್-ಡ್ರಾಯ್ಡ್ ಎಂಬ, ಪ್ಲೇ ಸ್ಟೋರಿನಂಥದ್ದೇ ಇನ್ನೊಂದು ಆ್ಯಪ್ ಅಂಗಡಿಯಿಂದ ಹಾಕಿಕೊಂಡೆ. 2010ರಲ್ಲಿ ಶುರುವಾದ ಎಫ್-ಡ್ರಾಯ್ಡ್‌ನಲ್ಲಿ ಇರುವುದೆಲ್ಲ ಮುಕ್ತ ತಂತ್ರಾಂಶ; ಅದರ ಮೂಲ ಕೋಡ್ ಯಾರು ಬೇಕಾದರೂ ಓದಬಹುದು. ನಾನು ನಂಬಿದ್ದು ಆ ಕಾರಣಕ್ಕೆ.

ಎಫ್-ಡ್ರಾಯ್ಡ್‌ನ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಆ್ಯಪನ್ನು ಇನ್‌ಸ್ಟಾಲ್ ಮಾಡುವ ಫೈಲು) ಅದರ ಸ್ವಂತ ತಾಣದಿಂದಲೇ ಇಳಿಸಿದೆ. ತೆರೆಯಲು ಹೋದಾಗ, ಹೊರಗಿನ ಆ್ಯಪ್ ಹಾಕಲು ಕ್ರೋಮ್‌ಗೆ ಅನುಮತಿ ಕೊಡಿ ಎಂದು ಫೋನ್ ಕೇಳಿತು. 2017ರಲ್ಲಿ ಬಂದ ಆಂಡ್ರಾಯ್ಡ್ 8ರ ನಂತರ ಈ ಅನುಮತಿಯನ್ನು ಒಂದೊಂದು ಆ್ಯಪಿಗೂ ಬೇರೆ ಬೇರೆ ಕೊಡಬೇಕು. ಕೆಲಸ ಮುಗಿದ ಕೂಡಲೇ ಕ್ರೋಮ್‌ನ ಅನುಮತಿ ತೆಗೆದೆ. ಅಪಾಯಕಾರಿ ಆ್ಯಪ್ ಇದೆಯೇ ಎಂದು ಫೋನಿನಲ್ಲಿ ತಪಾಸಣೆ ಮಾಡುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಅನ್ನು ಮಾತ್ರ ಯಾವತ್ತೂ ಆಫ್ ಮಾಡುವುದಿಲ್ಲ. ಅದನ್ನು ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಕೈಬಿಡುತ್ತೇನೆ.

ಇದು ಕಾನೂನಿಗೆ ವಿರುದ್ಧವಲ್ಲವೇ ಎಂದು ಮನೆಯಲ್ಲಿ ಕೇಳಿದರು. ಹೊರಗಿನಿಂದ ಆ್ಯಪ್ ಹಾಕುವುದೇ ನಮ್ಮ ದೇಶದಲ್ಲಿ ಅಪರಾಧವಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳಬೇಕಾದ ಆ್ಯಪನ್ನು ಬೀಗ ಒಡೆದು ಪುಕ್ಕಟೆ ಹಂಚುವ ‘ಮಾಡ್’ ಎಪಿಕೆಗಳು 1957ರ ಕೃತಿಸ್ವಾಮ್ಯ ಕಾಯ್ದೆಗೆ ಸಿಕ್ಕಿಬೀಳುತ್ತವೆ. ಅವನ್ನು ನಾನು ಮುಟ್ಟುವುದಿಲ್ಲ. ಐಟಿ ಕಾಯ್ದೆಯ 69ಎ ಕಲಮಿನಡಿ 2020ರಲ್ಲಿ ಸರ್ಕಾರ ತಡೆದ ಟಿಕ್‌ಟಾಕ್‌ನಂಥವನ್ನೂ ಹಿಂಬಾಗಿಲಿನಿಂದ ತರುವುದಿಲ್ಲ.

ನನಗೆ ನಿಜವಾದ ಭಯ ವಾಟ್ಸಾಪ್‌ನದು. ಮದುವೆ ಸೀಸನ್ನಿನಲ್ಲಿ ‘ಆಮಂತ್ರಣ’ ಎಂಬ ಹೆಸರಿನ ಎಪಿಕೆ ಬರುತ್ತದೆ. ಮಾವ ತಮಗೆ ಬಂದದ್ದನ್ನು ತೋರಿಸಿ, "ಯಾರ ಮದುವೆ ಅಂತ ತೆಗೆದು ನೋಡಪ್ಪ" ಅಂದರು. ತೆರೆಯಲಿಲ್ಲ. ಲಗ್ನಪತ್ರಿಕೆ ಫೋಟೋ, ಪಿಡಿಎಫ್ ಅಥವಾ ವಿಡಿಯೋ ಆಗಿರುತ್ತದೆ. ಅದನ್ನು ನೋಡಲು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಇಂಥ ಆ್ಯಪ್‌ಗಳು ಎಸ್ಎಂಎಸ್ ಓದಲು ಅನುಮತಿ ಕೇಳುತ್ತವೆ, ಕೊಟ್ಟರೆ ಬ್ಯಾಂಕಿನ ಒಟಿಪಿ ನೇರ ಕಳ್ಳರ ಕೈಗೆ. ಅಂಗವಿಕಲರ ನೆರವಿಗೆಂದು ಇರುವ ಆಕ್ಸೆಸಿಬಿಲಿಟಿ ಅನುಮತಿ ಕೇಳಿದರೆ ಇನ್ನೂ ಅಪಾಯ. ಪರದೆಯ ಮೇಲಿರುವುದನ್ನು ಓದಿ, ನಮ್ಮ ಬದಲು ತಾವೇ ಬಟನ್ ಒತ್ತಬಲ್ಲವು. ಕಾರ್ಡ್ ಗೊತ್ತಿದ್ದವರ ನಂಬರಿನಿಂದಲೇ ಬಂದಿದ್ದರೂ ನಂಬುವಂತಿಲ್ಲ, ಅವರ ಫೋನೇ ಕಳ್ಳರ ಕೈಸೇರಿರಬಹುದು. ಫೋನ್ ಮಾಡಿ ಕೇಳಿ ಎಂದೆ.

ಯಾರಾದರೂ ಆಗಲೇ ಇನ್‌ಸ್ಟಾಲ್ ಮಾಡಿಬಿಟ್ಟಿದ್ದರೆ, ಮೊದಲು ವೈಫೈ ಆಫ್ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿ. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ.